ಎದೆ ಬಡಿಯುತ್ತಿದ್ದರೂ ಸಾವೇ?
(ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಮುಂಬಯಿಯ ಐಸಿಯುಗಳಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದೆ. ಈಗ ನಮ್ಮ ನಿಧಿಗೆ ಬರುವ ಅರ್ಜಿಗಳನ್ನು ನೋಡುತ್ತೇನೆ. ಹಿಂದಿನ ಸಭೆಯಲ್ಲಿ ಒಬ್ಬರು ಕೇಳಿದರು: "ಎದೆ ಬಡೀತಿರೋರನ್ನ ಸತ್ತರು ಅಂತ ಹೇಗಮ್ಮ ಹೇಳ್ತಾರೆ? ಅಂಗಕ್ಕೋಸ್ಕರ ಅವಸರ ಮಾಡ್ತಾರಾ?" ಬೇಸರಪಡಲಿಲ್ಲ. ನನ್ನ ಅಣ್ಣನ ವಿಷಯದಲ್ಲಿ ನಾನೂ ಇದನ್ನೇ ಕೇಳಿದ್ದೆ.

ಅಣ್ಣ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಮೂರನೇ ದಿನ ಕಿರಿಯ ಡಾಕ್ಟರೊಬ್ಬರು ಬಾಗಿಲ ಬಳಿ ನಿಂತೇ "ಬ್ರೇನ್ ಡೆಡ್, ಹಾರ್ಟ್ ಚೆನ್ನಾಗಿದೆ" ಎಂದು ಹೇಳಿ ಹೋದರು. ಅತ್ತಿಗೆಗೆ ಕೇಳಿಸಿದ್ದು ಎರಡನೇ ಮಾತು ಮಾತ್ರ. ಮೈ ಬಿಸಿಯಿತ್ತು, ಎದೆ ಏರಿಳಿಯುತ್ತಿತ್ತು. ಇಂಥ ಎಷ್ಟೋ ಪರೀಕ್ಷೆಗಳಲ್ಲಿ ಪಕ್ಕದಲ್ಲಿ ನಿಂತಿದ್ದ ನಾನೇ ಅಂದು ಜಗಳಕ್ಕೆ ಹೋದೆ.

ಹಿರಿಯ ಡಾಕ್ಟರು ನಮ್ಮನ್ನು ಕೂರಿಸಿ ಬಿಡಿಸಿ ಹೇಳಿದರು. ಕೋಮಾ ಬೇರೆ, ಇದು ಬೇರೆ. ಕೋಮಾದಲ್ಲಿ ಮಿದುಳಿಗೆ ಜೀವವಿರುತ್ತದೆ. ಇಲ್ಲಿ ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡವೇ ಸತ್ತಿರುತ್ತದೆ, ಅದು ಮರಳಿ ಬರುವುದಿಲ್ಲ. ಹೃದಯಕ್ಕೆ ತನ್ನದೇ ಮಿಡಿತವಿದೆ. ವೆಂಟಿಲೇಟರ್ ಆಮ್ಲಜನಕ ಕೊಡುವಷ್ಟು ಕಾಲ ಅದು ಬಡಿಯುತ್ತದೆ, ಅಷ್ಟೆ.

ಎರಡನೇ ಸಲದ ಪರೀಕ್ಷೆಗೆ ನನ್ನನ್ನು ಒಳಗೆ ಬಿಟ್ಟರು. ನಿದ್ರೆಯ ಔಷಧಿಯ ಪರಿಣಾಮ ಉಳಿದಿಲ್ಲ, ಮೈ ತಣ್ಣಗಾಗಿಲ್ಲ, ರಕ್ತದ ಸಕ್ಕರೆ, ಉಪ್ಪಿನಂಶ ಏರುಪೇರಾಗಿಲ್ಲ ಎಂದು ಮೊದಲೇ ಖಚಿತಪಡಿಸಿಕೊಂಡಿದ್ದರು. ಕಣ್ಣಿಗೆ ಟಾರ್ಚ್ ಬಿಟ್ಟರು. ಕಣ್ಣಗುಡ್ಡೆಗೆ ಹತ್ತಿ ಮುಟ್ಟಿಸಿದರು. ಹುಬ್ಬಿನ ಮೇಲೆ ಒತ್ತಿದರು. ಕಿವಿಗೆ ಐಸ್ ನೀರು ಹಾಕಿದರು. ಗಂಟಲ ನಳಿಗೆಯಲ್ಲಿ ಸಣ್ಣ ಟ್ಯೂಬ್ ಇಳಿಸಿ ಕೆಮ್ಮು ಬರುತ್ತದೆಯೇ ನೋಡಿದರು. ಏನೂ ಇಲ್ಲ. ಕೊನೆಗೆ ಆಮ್ಲಜನಕ ಬಿಟ್ಟುಕೊಂಡೇ ವೆಂಟಿಲೇಟರ್ ತೆಗೆದರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ, ಕಾಂಡದಲ್ಲಿ ಚೂರು ಜೀವವಿದ್ದರೂ ಮನುಷ್ಯ ಉಸಿರೆಳೆಯಲೇಬೇಕು. ನಾನು ಅಣ್ಣನ ಎದೆಯನ್ನೇ ನೋಡುತ್ತಿದ್ದೆ. ಏಳಲಿಲ್ಲ.

ಅವಸರದ ಮಾತಿಗೆ ಬರುತ್ತೇನೆ. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ನಾಲ್ವರು ವೈದ್ಯರು ಸಹಿ ಮಾಡಬೇಕು. ಕಸಿ ಮಾಡುವ ತಂಡದವರು ಅದರಲ್ಲಿ ಇರುವಂತಿಲ್ಲ. ಪರೀಕ್ಷೆ ಎರಡು ಸಲ, ನಡುವೆ ಕನಿಷ್ಠ 6 ಗಂಟೆ. ಆ ಆರು ಗಂಟೆ ನನಗೆ ಎಷ್ಟು ಉದ್ದವಿತ್ತು ಎಂದು ಕೇಳಬೇಡಿ.

ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ: "ಅವರಿಗೆ ನೋವಾಗಲ್ವಾ?" ಇಲ್ಲ ಎಂದ ಮೇಲೆ ಸಹಿ ಹಾಕಿದರು. ಎರಡು ಕಿಡ್ನಿ, ಲಿವರ್, ಕಣ್ಣು ಕೊಟ್ಟೆವು. ಅಪಘಾತದ ಕೇಸಾದ್ದರಿಂದ ಪೊಲೀಸ್ ಪಂಚನಾಮೆ, ಪೋಸ್ಟ್‌ಮಾರ್ಟಮ್ ಮುಗಿದು ದೇಹ ಮನೆಗೆ ಬಂದದ್ದು ಮರುದಿನ. ದಾನದ ಖರ್ಚನ್ನು ದಾನಿಯ ಮನೆಯವರ ಮೇಲೆ ಹಾಕುವಂತಿಲ್ಲ, ಹಾಕಲಿಲ್ಲ. ಮೊದಲ ಮೂರು ದಿನದ ಬಿಲ್ಲು ಮಾತ್ರ ನಮ್ಮದೇ. ಅದರಲ್ಲೊಂದು ಪಾಲು ಕಟ್ಟಿದ್ದು ಇದೇ ನಿಧಿ, ಅಂದರೆ ನೀವು.

ಈಗ ನನ್ನ ಮೇಜಿನ ಮೇಲೆ ಡಯಾಲಿಸಿಸ್ ನೆರವಿನ ಅರ್ಜಿಗಳಿವೆ. ನಿಮ್ಮ ಹಣದಿಂದ ಡಯಾಲಿಸಿಸ್ ನಡೆಯುತ್ತದೆ, ದಯವಿಟ್ಟು ನಿಲ್ಲಿಸಬೇಡಿ. ಆದರೆ ಕಿಡ್ನಿ ಕೊಳ್ಳುವುದು ಅದೇ ಕಾಯಿದೆಯಲ್ಲಿ ಅಪರಾಧ. ಯಾರಾದರೂ ಕೊಟ್ಟರೆ ಮಾತ್ರ ಉಂಟು.

ದಾನದ ಒಪ್ಪಿಗೆ ಫಾರಂಗಳು ಬಾಗಿಲ ಬಳಿ, ರಸೀದಿ ಪುಸ್ತಕದ ಪಕ್ಕದಲ್ಲಿವೆ. ತುಂಬಿದರೆ ಇವತ್ತೇ ಮನೆಯಲ್ಲಿ ಹೇಳಿಬಿಡಿ. ಆ ಹೊತ್ತಿಗೆ ಡಾಕ್ಟರು ಕೇಳುವುದು ನಿಮ್ಮನ್ನಲ್ಲ, ಮನೆಯವರನ್ನು.