ಸಂಘದ ಡೋಜರ್ ಬಿಚ್ಚಿದ ವಿಚಾರ
(ಬೆಳ್ಳಿ ಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಾಲ ವಸೂಲಾತಿ, ಲಾಭಾಂಶದ ಬಗ್ಗೆ ಕಾರ್ಯದರ್ಶಿಗಳು ಹೇಳಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಕೆರೆ ಹತ್ತಿರದ ಹಳೇ ಡೋಜರ್. ಅದನ್ನು ನೋಡಿ ಊರಲ್ಲಿ ನಗುವವರೇ ಹೆಚ್ಚು. ನಗಲಿ, ಆದರೆ ಅದರಲ್ಲಿ ನಿಮ್ಮೆಲ್ಲರ ಷೇರು ಹಣ ಇದೆ.

ಅದು ಪರದೇಶದಿಂದ ಬಂದದ್ದಲ್ಲ. ನಮ್ಮ ಜಿಲ್ಲೆಯ ಕೆ.ಜಿ.ಎಫ್.ನಲ್ಲೇ, ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿ ತಯಾರಾದ ಡಿ-50. ಹೂಳೆತ್ತಲು, ಹೊಲ ಮಟ್ಟ ಮಾಡಲು ಹಳೇದನ್ನೇ ಕೊಂಡಿದ್ದೆವು. ಇಂಜಿನ್ ನಿಂತ ಮೇಲೆ ಅದನ್ನು ಒಣಗಿದ್ದ ಕೆರೆಯಂಗಳದಿಂದ ಎಳೆಸಬೇಕಿತ್ತು. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ತಳ್ಳಿದವರು ನಾವೇ, ನಿರ್ದೇಶಕರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. 2021ರ ನವೆಂಬರ್ ಮಳೆಗೆ ಕೋಡಿಯೂ ಹರಿಯಿತು. ಊರೆಲ್ಲ ಬಾಗಿನ ಕೊಡೋಕೆ ಹೋದರೆ, ನಮ್ಮ ಯಂತ್ರ ಚೈನ್ ಮುಳುಗುವಷ್ಟು ನೀರಲ್ಲಿ ನಿಂತಿತ್ತು!

ನೀರು ಇಳಿದ ಮೇಲೆ ದಡಕ್ಕೆ ಎಳೆಸಿದೆವು. ಗುಜರಿಯವರು ತೂಕದ ಲೆಕ್ಕ ಕೇಳಿದರು. ಗ್ಯಾಸಿನಲ್ಲಿ ಕತ್ತರಿಸಿಬಿಡಿ ಅಂತ ನಮ್ಮಲ್ಲೇ ಕೆಲವರು ಅಂದರು. ಕತ್ತರಿಸಿದರೆ ರೋಲರ್, ಐಡ್ಲರ್ ಯಾವುದೂ ಮತ್ತೆ ಕೆಲಸಕ್ಕೆ ಬಾರದು. 2001ರಲ್ಲಿ ಚಿನ್ನದ ಗಣಿ ಮುಚ್ಚುವ ತನಕ ಅಲ್ಲಿ ಫಿಟ್ಟರಾಗಿದ್ದ ಹಿರಿಯರೊಬ್ಬರನ್ನು ಕರೆತಂದೆವು. ಅವರು ಎರಡು ದಿನ ಸ್ಪ್ಯಾನರನ್ನೇ ಮುಟ್ಟಲಿಲ್ಲ. ಗಡಾರಿಯಿಂದ ಜೇಡಿ ಕೆರೆದು, ಪಂಪಿನ ನೀರು ಬಿಟ್ಟು ತೊಳೆಸಿದರು ಅಷ್ಟೆ. ರೋಲರ್ ಮಧ್ಯೆ ಹೂಳು ಗಾರೆ ಹಾಗೆ ಕೂತಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದಂತೆ, ಅದಕ್ಕೇ ನಟ್ಟು ಬೋಲ್ಟು ಕಚ್ಚಿಕೊಳ್ಳೋದು.

ಮೊದಲು ಚೈನ್ ಸಡಿಲ ಮಾಡಬೇಕು. ಅದನ್ನು ಬಿಗಿ ಹಿಡಿಯೋದು ಐಡ್ಲರ್ ಹಿಂದಿನ ಗ್ರೀಸ್ ಸಿಲಿಂಡರ್. ಅದರ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಎದುರಿಗೆ ನಿಲ್ಲಬೇಡಿ ಅಂತ ಹಿರಿಯರು ಹೇಳಿಯೇ ಇದ್ದರು. ತುಕ್ಕಿಗೆ ಐಡ್ಲರ್ ಅಲುಗಲಿಲ್ಲ, ಗ್ರೀಸೂ ಬರಲಿಲ್ಲ. ಖಾಲಿ ಇರಬೇಕು ಅಂತ ನಮ್ಮಲ್ಲೊಬ್ಬರು ಇನ್ನೊಂದು ಸುತ್ತು ತಿರುಗಿಸಿದರು. ಚಟ್ ಅಂತ ಸಿಡಿದ ಗ್ರೀಸ್ ಅವರ ಕೈ ಪಕ್ಕದಲ್ಲೇ ಹಾದು ಗೋಣಿಚೀಲಕ್ಕೆ ಬಡಿಯಿತು. ಕೈಗೆ ತಗುಲಿದ್ದರೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಮಾಂಸವೇ ಕೊಳೆಯುತ್ತದೆ. ನೋವಿಲ್ಲ ಅಂತ ಮನೆಗೆ ಹೋಗದೆ ಆಸ್ಪತ್ರೆಗೆ ಓಡಬೇಕು. ಆ ದಿನ ಯಾರಿಗೂ ಊಟ ಸೇರಲಿಲ್ಲ.

ಮೂರು ದಿನ ಡೀಸೆಲ್ ಸುರಿದು, ಚೈನ್ ಪುಲ್ಲಿ ಹಾಕಿ ಐಡ್ಲರನ್ನು ಹಿಂದಕ್ಕೆ ತಂದೆವು. ಇಂಜಿನ್ ಇಲ್ಲದ್ದರಿಂದ ಚೈನ್ ತಿರುಗಿಸುವಂತಿರಲಿಲ್ಲ. ಪುಣ್ಯಕ್ಕೆ ಮಾಸ್ಟರ್ ಪಿನ್ ಐಡ್ಲರ್ ಪಕ್ಕದಲ್ಲೇ ಸಿಕ್ಕಿತು, ಅದರ ತುದಿಯಲ್ಲಿ ಒಂದು ಗುಳಿ ಇರುತ್ತದೆ. ಚೈನ್ ಕೆಳಗೆ ಮರದ ದಿಮ್ಮಿ ಕೊಟ್ಟು, ನಡುವೆ ಮೆತ್ತನೆ ಕಬ್ಬಿಣದ ತುಂಡು ಇಟ್ಟು ಸುತ್ತಿಗೆ ಹಾಕಿದೆವು. ಗಟ್ಟಿ ಪಿನ್ನಿಗೆ ನೇರ ಹೊಡೆದರೆ ಚಕ್ಕೆ ಹಾರಿ ಕಣ್ಣಿಗೆ ಬೀಳುತ್ತದೆ. ರೋಲರ್ ಬೋಲ್ಟುಗಳನ್ನು ಡೀಸೆಲ್ ಒರೆಸಿ ಒಣಗಿಸಿದ ಮೇಲೆ ಕಾಯಿಸಿದ್ದು. ರೋಲರ್ ಒಳಗೆ ಎಣ್ಣೆ ಇರುತ್ತದೆ, ಪ್ಲಗ್ ತೆಗೆಯದೆ ಬೆಂಕಿ ಹಿಡಿದರೆ ಸಿಡಿಯಬಹುದು. ಐಡ್ಲರ್ ಹಿಂದಿನ ದೊಡ್ಡ ಸ್ಪ್ರಿಂಗನ್ನು ಮಾತ್ರ ಮುಟ್ಟಲೇ ಇಲ್ಲ. ಅದನ್ನು ಪ್ರೆಸ್ ಇರುವ ವರ್ಕ್‌ಶಾಪಿನಲ್ಲೇ ಬಿಚ್ಚಿಸಬೇಕು.

ಬಲಗಡೆ ಎಲ್ಲಾ ಹೊರಗೆ ಬಂದಿದೆ. ರೋಲರುಗಳಲ್ಲಿ ಎರಡು ಕೈಯಲ್ಲಿ ತಿರುಗುತ್ತಿವೆ, ಉಳಿದವು ಹಿಡಿದುಕೊಂಡಿವೆ. ಎಡಗಡೆ ಹಾಗೇ ಇದೆ. ರಿಪೇರಿಯೋ ಮಾರಾಟವೋ ಅನ್ನೋದು ಅದೂ ಬಿಚ್ಚಿದ ಮೇಲೆ ನಿಮ್ಮ ಮುಂದೆ ಬರುತ್ತದೆ. ಭಾನುವಾರ ಬೆಳಿಗ್ಗೆ ಶುರು ಮಾಡುತ್ತೇವೆ, ಗಡಾರಿ ಇದ್ದವರು ತನ್ನಿ. ಮಕ್ಕಳನ್ನು ಮಾತ್ರ ಕರೆತರಬೇಡಿ.