ಕೊಡುವ ಕೈ, ಕೊಳ್ಳುವ ಕೈ

ಕೊಡುವುದು ದೊಡ್ಡ ಗುಣವೆಂದು ನಮ್ಮ ಕಾವ್ಯಗಳೂ ಶಾಸನಗಳೂ ಮತ್ತೆ ಮತ್ತೆ ಹೊಗಳಿವೆ. ಪಡೆಯುವುದೂ ಒಂದು ಗುಣವೆಂದು ಹೇಳಿದವರು ವಿರಳ. ಬರಗಾಲಕ್ಕೋ ಭೂಕಂಪಕ್ಕೋ ಸಿಕ್ಕಿದ ದೇಶವೊಂದು ಪರದೇಶದ ನೆರವಿನ ಮುಂದೆ ನಿಂತಾಗ ಈ ಎರಡನೆಯ ಗುಣದ ಪರೀಕ್ಷೆ ನಡೆಯುತ್ತದೆ.

1965 ಮತ್ತು 1966ರಲ್ಲಿ ಮಳೆ ಬೆನ್ನುಬೆನ್ನಿಗೆ ಕೈಕೊಟ್ಟಿತು. ಬಿಹಾರ ಬರದಲ್ಲಿ ಬೆಂದಿತು. ಆಗ ಹಡಗುಗಳಲ್ಲಿ ಬಂದ ಅಮೆರಿಕದ ಗೋಧಿ ಲಕ್ಷಾಂತರ ಜನರ ಹಸಿವನ್ನು ತಣಿಸಿತು. ಇದನ್ನು ಮರೆತರೆ ಕೃತಘ್ನತೆಯಾದೀತು. ಆದರೆ ಅಧ್ಯಕ್ಷ ಲಿಂಡನ್ ಜಾನ್ಸನ್ ಆ ಗೋಧಿಯನ್ನು ಕಂತುಕಂತಾಗಿ ಮಾತ್ರ ಬಿಡುಗಡೆ ಮಾಡುತ್ತಿದ್ದರು. ಭಾರತ ತನ್ನ ಕೃಷಿನೀತಿಯನ್ನು ತಿದ್ದಿಕೊಳ್ಳಲೆಂಬ ಒತ್ತಾಯ ಅದರ ಹಿಂದಿತ್ತು. ವಿಯೆಟ್ನಾಂ ಯುದ್ಧವನ್ನು ಕುರಿತು ನಾವಾಡಿದ ಮಾತಿನ ಅಸಮಾಧಾನವೂ ಇತ್ತು. ಮುಂದಿನ ಹಡಗು ಯಾವಾಗ ಹೊರಡುವುದೋ ಎಂದು ಸ್ವತಂತ್ರ ದೇಶವೊಂದು ಕಾದು ಕುಳಿತಿತ್ತು. ಶಾಲೆಯಲ್ಲಿ ಅಮೆರಿಕದ ರವೆಯ ಉಪ್ಪಿಟ್ಟನ್ನು ಉಂಡ ನಮ್ಮ ತಲೆಮಾರಿನ ಮಕ್ಕಳಿಗೆ ಅದರ ಬಿಸಿ ಗೊತ್ತಿತ್ತೇ ಹೊರತು ಈ ಕಾಯುವಿಕೆ ಗೊತ್ತಿರಲಿಲ್ಲ.

2001ರ ಜನವರಿ 26ರಂದು ಕಚ್ಛದ ನೆಲ ನಡುಗಿದಾಗ ಹಲವು ದೇಶಗಳ ನೆರವನ್ನು ನಾವು ಸ್ವೀಕರಿಸಿದೆವು. ಪಾಕಿಸ್ತಾನದಿಂದಲೂ ಡೇರೆಗಳು, ಕಂಬಳಿಗಳು ಬಂದವು. 2004ರ ಡಿಸೆಂಬರ್ 26ರ ಸುನಾಮಿಯ ವೇಳೆಗೆ ನಿಲುವು ಬದಲಾಗಿತ್ತು. ಪರಿಹಾರಕಾರ್ಯ ನಮ್ಮಿಂದಲೇ ಸಾಧ್ಯವೆಂದು ಸರ್ಕಾರ ಅನ್ಯ ಸರ್ಕಾರಗಳ ನೆರವನ್ನು ನಯವಾಗಿ ನಿರಾಕರಿಸಿತು. ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಗಳಿಗೆ ತಾನೇ ನೌಕೆಗಳನ್ನು ಕಳುಹಿತು. ಪುನರ್ನಿರ್ಮಾಣಕ್ಕೆ ವಿಶ್ವಬ್ಯಾಂಕಿನ ಸಾಲವನ್ನು ಪಡೆದದ್ದು ಅನಂತರದ ಮಾತು. ಬರಗಾಲದ ದಿನಗಳ ಕಾಯುವಿಕೆಗೆ ಇದೇ ತಕ್ಕ ಉತ್ತರವೆಂದು ಅನೇಕರಂತೆ ನಾನೂ ಹೆಮ್ಮೆಪಟ್ಟೆ.

ಆದರೆ ಅದೇ ದಿನಗಳಲ್ಲಿ ನಾಗಪಟ್ಟಿಣದಿಂದ ಬೇರೊಂದು ವರದಿ ಬಂದಿತು. ನಮ್ಮವರೇ ಲಾರಿಗಟ್ಟಲೆ ಕಳುಹಿಸಿದ ಹಳೆಯ ಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿರಾಶಿಯಾಗಿ ಬಿದ್ದಿದ್ದವು. ಕಡಲಿನಲ್ಲಿ ದುಡಿದು ಉಣ್ಣುವ ಮೀನುಗಾರರು ಪರರು ಉಟ್ಟು ಬಿಟ್ಟದ್ದನ್ನು ಉಡಲು ಒಪ್ಪಲಿಲ್ಲ. ದೆಹಲಿಯಲ್ಲಿ ನಾವು ಮೆಚ್ಚಿದ ಸ್ವಾಭಿಮಾನ ಇಲ್ಲಿಯೂ ಇತ್ತು. ಅದನ್ನು ನೋಯಿಸಿದ ಕೈ ಮಾತ್ರ ಈ ಸಲ ನಮ್ಮದಾಗಿತ್ತು. 2015ರಲ್ಲಿ ನೇಪಾಳಕ್ಕೆ ನಮ್ಮ ನೆರವು ಕೆಲವೇ ಗಂಟೆಗಳಲ್ಲಿ ತಲುಪಿತು. ಅದನ್ನು ನಮ್ಮ ವಾರ್ತಾವಾಹಿನಿಗಳು ಸಾರಿದ ಬಗೆಯಿಂದ ಅಲ್ಲಿಯ ಜನ ನೊಂದುಕೊಂಡರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಗಾದೆ ನಮ್ಮದೇ ಅಲ್ಲವೆ?

ಎರಡು ನಿರಾಕರಣೆಗಳ ನಡುವೆ ಒಂದು ಅಂತರವಿದೆ. ಮೀನುಗಾರನು ಬೇಡವೆಂದದ್ದು ತನ್ನ ಪಾಲನ್ನು. ಸರ್ಕಾರ ಬೇಡವೆನ್ನುವುದು ಇನ್ನೊಬ್ಬರ ಪಾಲನ್ನು. 2018ರ ಕೇರಳದ ಪ್ರವಾಹದ ಹೊತ್ತಿಗೆ ಎದ್ದ ವಿವಾದದ ತಿರುಳೂ ಇದೇ. ಪರರ ಹಣ ಬೇಡವೆಂದ ಸರ್ಕಾರ ಆ ಕೊರತೆಯನ್ನು ತಾನೇ ತುಂಬಿಕೊಡುವ ಹೊಣೆಯನ್ನು ಹೊತ್ತಿರುತ್ತದೆ. ಹೊಣೆಯನ್ನು ತೀರಿಸಿದರೆ ಅದು ಸ್ವಾಭಿಮಾನ. ತೀರಿಸದಿದ್ದರೆ ಮನೆ ಕಳೆದುಕೊಂಡವನ ಖರ್ಚಿನಲ್ಲಿ ಮೆರೆದ ಪ್ರತಿಷ್ಠೆ.

ಕೊಡುವವರು ಸ್ವದೇಶಿಯರಿರಲಿ, ಪರದೇಶಿಯರಿರಲಿ, ಮೊದಲು ಕೇಳಬೇಕಾದ ಮಾತು ಒಂದೇ: ನಿಮಗೇನು ಬೇಕು? ಆ ಮಾತನ್ನು ಕೇಳಿ, ಉತ್ತರಕ್ಕೆ ಕಿವಿಗೊಟ್ಟಲ್ಲಿ ಕೊಳ್ಳುವ ಕೈ ಕೆಳಗಿದೆಯೆಂದು ಯಾರಿಗೂ ಅನ್ನಿಸಲಾರದು.