ಜೇಮ್ಸ್ ಹಿಲ್‌ಮನ್: ಲೋಕಕ್ಕೂ ಒಂದು ಅಂತರಂಗ

ಆಳದ ಮನೋವಿಜ್ಞಾನದಲ್ಲಿ ಪಳಗಿ, ಅದರ ಒಳಗಿನವರಾಗಿಯೇ ಅದಕ್ಕೆ ಎದುರು ಮಾತಾಡಿದವರು ಅಮೆರಿಕದ ಚಿಂತಕ ಜೇಮ್ಸ್ ಹಿಲ್‌ಮನ್. ಎಚ್ಚರದ ಮನಸ್ಸಿನ ಕೆಳಗೆ ಕಾಣದ ಪದರಗಳಿವೆ ಎಂದು ಫ್ರಾಯ್ಡ್ ತೋರಿಸಿದರು. ಆ ಪದರಗಳಲ್ಲಿ ಇಡೀ ಮನುಕುಲದ ಪುರಾಣಗಳೇ ಹುದುಗಿವೆ ಎಂದರು ಯೂಂಗ್. ಅವರ ಹಿಂದೆ ಬಂದವರಲ್ಲಿ ಒಂದು ಆತುರ ಬೆಳೆಯಿತು. ಕಂಡದ್ದಕ್ಕೆಲ್ಲ ಅರ್ಥ ಹೇಳಿ ಮುಗಿಸುವ, ಬಂದವರನ್ನೆಲ್ಲ ಸರಿಪಡಿಸಿ ಕಳಿಸುವ ಆತುರ ಅದು. ಹಿಲ್‌ಮನ್ ಅದನ್ನು ತಡೆಯಲು ನಿಂತರು. ಕನಸು, ದುಃಖ, ವಿಚಿತ್ರ ಹಟ, ಕಾಡುವ ಭಯ ಇವೆಲ್ಲ ಏನೋ ಹೇಳಲು ಬಂದಿವೆ, ಅಳಿಸಿಹಾಕುವ ಮುನ್ನ ಅವುಗಳಿಗೆ ಕಿವಿಗೊಡಬೇಕು ಎಂಬುದು ಅವರ ಬದುಕಿನುದ್ದದ ವಾದ.

ಅವರು ಹುಟ್ಟಿದ್ದು 1926ರ ಏಪ್ರಿಲ್ 12ರಂದು, ನ್ಯೂಜೆರ್ಸಿಯ ಕಡಲತೀರದ ಪ್ರವಾಸಿ ಊರಾದ ಅಟ್ಲಾಂಟಿಕ್ ಸಿಟಿಯಲ್ಲಿ. ಹೋಟೆಲ್ ಉದ್ಯಮದಲ್ಲಿದ್ದ ಯಹೂದಿ ಕುಟುಂಬ ಅವರದು. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ನೌಕಾಪಡೆಯ ಆಸ್ಪತ್ರೆ ವಿಭಾಗಕ್ಕೆ ಸೇರಿದರು. ಇಪ್ಪತ್ತು ತುಂಬುವ ಮೊದಲೇ, ಯುದ್ಧ ಮುರಿದುಹಾಕಿದ ಯೋಧರ ಆರೈಕೆ ಅವರ ಪಾಲಿಗೆ ಬಂತು. ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿನ ಸಾರ್ಬಾನ್‌ನಲ್ಲಿ ಸಾಹಿತ್ಯ ಓದಿ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಿಂದ 1950ರಲ್ಲಿ ಪದವಿ ಪಡೆದರು. ಆಗ ಅವರ ಆಸೆ ಕಾದಂಬರಿಕಾರನಾಗುವುದು. ಆ ಆಸೆಯನ್ನು ಹೊತ್ತು ಅಲೆಯುತ್ತ ಕಾಶ್ಮೀರಕ್ಕೂ ಬಂದರು.

ಶ್ರೀನಗರದಲ್ಲಿ ಅವರಿಗೆ ಪಂಡಿತ ಗೋಪಿಕೃಷ್ಣರ ಪರಿಚಯವಾಯಿತು. ಗೋಪಿಕೃಷ್ಣ ಸಾಮಾನ್ಯ ಸರ್ಕಾರಿ ನೌಕರರು. 1937ರಲ್ಲಿ ಧ್ಯಾನದಲ್ಲಿ ಕುಳಿತಿದ್ದಾಗ ಅವರಿಗಾದ ಕುಂಡಲಿನಿಯ ಅನುಭವ ವರ್ಷಗಟ್ಟಲೆ ಅವರ ದೇಹವನ್ನೂ ಮನಸ್ಸನ್ನೂ ಕಂಗೆಡಿಸಿತ್ತು. ಮುಂದೆ, 1967ರಲ್ಲಿ, ಅವರು ಅದನ್ನು ಪುಸ್ತಕವಾಗಿ ಹೊರತಂದಾಗ ಮನೋವೈಜ್ಞಾನಿಕ ಟಿಪ್ಪಣಿ ಬರೆದವರು ಹಿಲ್‌ಮನ್. ಪಶ್ಚಿಮದ ವೈದ್ಯರು ಹುಚ್ಚೆಂದು ಹೆಸರಿಟ್ಟು ಬದಿಗಿಡಬಹುದಾಗಿದ್ದ ಅನುಭವ ಅದು. ಹಿಲ್‌ಮನ್ ಹಾಗೆ ಹೆಸರಿಡಲಿಲ್ಲ. ಗೋಪಿಕೃಷ್ಣರ ಕಥನವನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿ, ಯೂಂಗ್ ವಿವರಿಸಿದ ಒಳಬದಲಾವಣೆಗಳ ಪಕ್ಕದಲ್ಲಿಟ್ಟು ಓದಿದರು. ಅವರ ಮುಂದಿನ ವಿಧಾನವೆಲ್ಲ ಈ ಗೌರವದ ಓದಿನಲ್ಲಿ ಆಗಲೇ ಇದೆ.

1953ರಲ್ಲಿ ಅವರು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ತಲುಪಿದರು. ಅಲ್ಲಿನ ಯೂಂಗ್ ಸಂಸ್ಥೆ ಶುರುವಾಗಿ ಆಗ ಐದೇ ವರ್ಷ; ಯೂಂಗ್ ಇನ್ನೂ ಬದುಕಿದ್ದರು. 1959ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು, ಅದೇ ವರ್ಷ ಮನೋವಿಶ್ಲೇಷಕನ ಅರ್ಹತೆಯೂ ಬಂತು. ಕೂಡಲೇ ಅದೇ ಸಂಸ್ಥೆಯ ಅಧ್ಯಯನ ವಿಭಾಗದ ನಿರ್ದೇಶಕರಾಗಿ, 1969ರವರೆಗೆ ಆ ಹುದ್ದೆಯಲ್ಲಿದ್ದರು. ಯೂಂಗ್ ಪರಂಪರೆಯ ಅಧಿಕೃತ ಪೀಠದಲ್ಲಿ ಕುಳಿತಿದ್ದಾಗಲೇ 1964ರಲ್ಲಿ ‘ಸೂಯಿಸೈಡ್ ಅಂಡ್ ದ ಸೋಲ್’ ಬರೆದರು. ಸಾಯುವ ಯೋಚನೆ ಹೊತ್ತು ಬಂದವನನ್ನು ತಡೆಯುವುದು ವೈದ್ಯನ ಕರ್ತವ್ಯ. ಮನೋವಿಶ್ಲೇಷಕನಿಗೆ ಆ ಯೋಚನೆಯ ಒಳಹೊಕ್ಕು, ಈ ಜೀವ ಯಾವ ಬದಲಾವಣೆಗಾಗಿ ಕೂಗುತ್ತಿದೆ ಎಂದು ಅರಿಯುವ ಹೊಣೆಯೂ ಇದೆ ಎಂಬುದು ಅದರ ತಿರುಳು. ಪುಸ್ತಕ ವಿವಾದ ಎಬ್ಬಿಸಿತು. ಅಂಥ ಗಳಿಗೆಯಲ್ಲಿ ತಕ್ಷಣದ ನೆರವಿಗೆ ಬದಲಿಯಿಲ್ಲ, ಆ ಎಚ್ಚರ ಎಂದೂ ಸಡಿಲವಾಗಬಾರದು. ಆದರೆ ನೊಂದವರ ಮಾತನ್ನು ಗಾಬರಿಯಿಂದ ಮುಚ್ಚಿಹಾಕಿದರೆ ಅವರು ಇನ್ನಷ್ಟು ಒಂಟಿಯಾಗುತ್ತಾರೆ ಎಂಬ ಹಿಲ್‌ಮನ್‌ರ ಕಾಣ್ಕೆ ಇಂದಿಗೂ ಬೆಲೆಯುಳ್ಳದ್ದು.

1970ರಿಂದ ಅವರು ‘ಸ್ಪ್ರಿಂಗ್’ ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು. ತಮ್ಮ ಹೊಸ ದಾರಿಗೆ ಆರ್ಕಿಟೈಪಲ್ ಸೈಕಾಲಜಿ, ಎಂದರೆ ಮೂಲಪ್ರತಿಮೆಗಳ ಮನೋವಿಜ್ಞಾನ, ಎಂದು ಹೆಸರಿಟ್ಟರು. 1972ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನೀಡಿದ ಟೆರ್ರಿ ಉಪನ್ಯಾಸಗಳು 1975ರಲ್ಲಿ ‘ರಿ-ವಿಷನಿಂಗ್ ಸೈಕಾಲಜಿ’ ಎಂಬ ಗ್ರಂಥವಾದವು. ಅವರ ಎಲ್ಲ ಬರಹಗಳ ನಡುಗಂಬ ಇದು. ಅಂತರಂಗ ಒಂದು ವಸ್ತುವಲ್ಲ, ನೋಡುವ ಒಂದು ಬಗೆ. ನಡೆದ ಘಟನೆ ಅನುಭವವಾಗಿ ಮಾಗುವುದು ಆ ನೋಟದಿಂದ ಎಂದು ಅವರು ಹೇಳಿದರು. ಈ ಮಾತಿಗೆ ಅವರು ಬೆಂಬಲ ಹುಡುಕಿದ್ದು ಪ್ರಯೋಗಾಲಯದಲ್ಲಲ್ಲ. ಪ್ಲೇಟೊ, ಹದಿನೈದನೆಯ ಶತಮಾನದ ಫ್ಲಾರೆನ್ಸಿನ ದಾರ್ಶನಿಕ ಫಿಚಿನೊ, ನೇಪಲ್ಸಿನ ಚಿಂತಕ ವಿಕೊ, ಕವಿ ಕೀಟ್ಸ್, ಇರಾನಿನ ಸೂಫಿಗಳ ಕುರಿತು ಬರೆದ ಹೆನ್ರಿ ಕೊರ್ಬ್ಯಾನ್ ಇವರೇ ಅವರ ಆಕರಗಳು. ಕಲ್ಪನೆ ಎಂಬುದು ಸುಳ್ಳಿನ ಇನ್ನೊಂದು ಹೆಸರಲ್ಲ, ಅದು ತಿಳಿವಿನ ಒಂದು ದಾರಿ ಎಂಬುದನ್ನು ಕೊರ್ಬ್ಯಾನ್ ಅವರಿಂದ ಕಲಿತರು.

ಕನಸಿನ ವಿಷಯದಲ್ಲಿ ಇದರ ಪರಿಣಾಮ ಸ್ಪಷ್ಟ. ಕನಸಿನಲ್ಲಿ ಕಪ್ಪು ಹಾವೊಂದು ಬಂತು ಎನ್ನೋಣ. ಹಾವೆಂದರೆ ಕಾಮ, ಹಾವೆಂದರೆ ಭಯ, ಹಾವೆಂದರೆ ತಾಯಿ ಎಂದು ಅರ್ಥ ಹಚ್ಚಿದ ಗಳಿಗೆಯಲ್ಲೇ ಹಾವು ಸತ್ತುಹೋಗುತ್ತದೆ, ಪರಿಕಲ್ಪನೆ ಮಾತ್ರ ಕೈಯಲ್ಲಿ ಉಳಿಯುತ್ತದೆ ಎನ್ನುತ್ತಾರೆ ಹಿಲ್‌ಮನ್. ಅದು ಎಲ್ಲಿ ಮಲಗಿತ್ತು, ಹೇಗೆ ಹೊರಳಿತು, ಅದರ ಚರ್ಮ ಹೇಗಿತ್ತು ಎಂದು ಹಾವಿನ ಜೊತೆಗೇ ಇರಬೇಕು. 1979ರ ‘ದ ಡ್ರೀಮ್ ಅಂಡ್ ದ ಅಂಡರ್‌ವರ್ಲ್ಡ್’ ಪೂರ್ತಿಯಾಗಿ ಈ ವಿಚಾರಕ್ಕೇ ಮೀಸಲು. ಕನಸನ್ನು ಹಗಲಿನ ಬಳಕೆಗೆ ಎಳೆದು ತರುವ ಬದಲು, ಹಗಲಿನ ಮನುಷ್ಯನೇ ಕನಸಿನ ಪಾತಾಳಕ್ಕೆ ಇಳಿಯಬೇಕು ಎಂಬುದು ಅಲ್ಲಿನ ವಾದ.

ಮನಸ್ಸಿಗೆ ಒಂದೇ ಕೇಂದ್ರ, ಒಂದೇ ಗುರಿ ಎಂಬ ನಂಬಿಕೆಯನ್ನೂ ಅವರು ಒಪ್ಪಲಿಲ್ಲ. ಯೂಂಗ್ ಕೊನೆಗೂ ಎಲ್ಲವೂ ಒಂದಾಗುವ ಪೂರ್ಣತೆಯತ್ತ ಕೈತೋರಿದ್ದರು. ಹಿಲ್‌ಮನ್ ಗ್ರೀಕರ ಹಲವು ದೇವರುಗಳ ಕಡೆ ಹೊರಳಿದರು. ಒಬ್ಬನೇ ವ್ಯಕ್ತಿಯಲ್ಲಿ ಯುದ್ಧದ ದೇವರೂ ಪ್ರೇಮದ ದೇವಿಯೂ ಅಲೆಮಾರಿ ದೂತನೂ ಒಟ್ಟಿಗಿರುತ್ತಾರೆ. ಒಬ್ಬರನ್ನು ಸಿಂಹಾಸನಕ್ಕೇರಿಸಿ ಉಳಿದವರನ್ನು ಹೊರಗಟ್ಟಿದರೆ ಅವರು ರೋಗಗಳಾಗಿ ಮರಳಿ ಬರುತ್ತಾರೆ. ಪೂಜೆಗಾಗಿ ಅವರು ಈ ದೇವತೆಗಳನ್ನು ಕರೆಯಲಿಲ್ಲ. ಮನಸ್ಸಿನ ಬಹುತ್ವವನ್ನು ಕುಗ್ಗಿಸದೆ ವಿವರಿಸಲು ಅವರಿಗೆ ಇದಕ್ಕಿಂತ ಒಳ್ಳೆಯ ಭಾಷೆ ಸಿಗಲಿಲ್ಲ. ಮನೆದೇವರು, ಗ್ರಾಮದೇವತೆ, ಇಷ್ಟದೈವಗಳ ನಡುವೆ ಬೆಳೆದವರಿಗೆ ಈ ಭಾಷೆ ಅಪರಿಚಿತವೇನಲ್ಲ.

ಖಿನ್ನತೆಯ ಬಗ್ಗೆ ಅವರು ಬರೆದದ್ದು ಬಹಳ ಜನರನ್ನು ಮುಟ್ಟಿತು. ಸದಾ ಮೇಲೇರಬೇಕು, ಬೆಳೆಯುತ್ತಲೇ ಇರಬೇಕು, ಉತ್ಸಾಹ ಕಡಿಮೆಯಾಗಕೂಡದು ಎಂದು ಒತ್ತಾಯಿಸುವ ಸಮಾಜದಲ್ಲಿ ನಿಧಾನವೇ ಅಪರಾಧವಾಗುತ್ತದೆ. ಖಿನ್ನತೆ ಮನುಷ್ಯನನ್ನು ನಿಲ್ಲಿಸುತ್ತದೆ, ಭಾರವಾಗಿಸುತ್ತದೆ, ಮಿತಿಯನ್ನು ನೆನಪಿಸುತ್ತದೆ. ಆ ಇಳಿತದಲ್ಲಿ ಆಳದ ಪರಿಚಯವೂ ಆಗಬಹುದು ಎಂದರು ಹಿಲ್‌ಮನ್. ತೀವ್ರ ಖಿನ್ನತೆಗೆ ಔಷಧ, ಆರೈಕೆ ಎರಡೂ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ದುಃಖವನ್ನೆಲ್ಲ ಕಾಯಿಲೆಯ ಪಟ್ಟಿಗೆ ಸೇರಿಸುವ ಕಾಲದಲ್ಲಿ ಅವರ ಎಚ್ಚರಿಕೆ ಅಗತ್ಯವಾಗಿತ್ತು.

1978ರಲ್ಲಿ ಅವರು ಅಮೆರಿಕಕ್ಕೆ ಮರಳಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ನೆಲೆಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಲಿಸಿದರು, ಮಾನವಿಕಗಳಿಗೆ ಮೀಸಲಾದ ಸಂಸ್ಥೆಯೊಂದರ ಸ್ಥಾಪನೆಯಲ್ಲೂ ಪಾಲುಗೊಂಡರು. ಹೆದ್ದಾರಿ ಮತ್ತು ಗಾಜಿನ ಕಟ್ಟಡಗಳ ಆ ನಗರದಲ್ಲಿ ಅವರ ಚಿಂತನೆ ಚಿಕಿತ್ಸೆಯ ಕೋಣೆಯಿಂದ ಬೀದಿಗೆ ಇಳಿಯಿತು. ಲೋಕಕ್ಕೂ ಒಂದು ಅಂತರಂಗವಿದೆ ಎಂಬ ಪ್ಲೇಟೊ ಕಾಲದ ಮಾತನ್ನು ಅವರು ಮತ್ತೆ ಎತ್ತಿಕೊಂಡರು. ನಡೆಯಲು ಜಾಗವಿಲ್ಲದ ರಸ್ತೆಗಳ ಬಗ್ಗೆ, ಯಾರೂ ತಲೆಯೆತ್ತಿ ನೋಡದ ಕಚೇರಿಗಳ ಚಾವಣಿಗಳ ಬಗ್ಗೆ ಉಪನ್ಯಾಸ ಕೊಟ್ಟರು. ಮನೋವಿಜ್ಞಾನಿಯೊಬ್ಬರು ಚಾವಣಿಯ ಬಗ್ಗೆ ಮಾತಾಡುವುದು ಅಂದು ವಿಚಿತ್ರವೆನಿಸಿತ್ತು. ದಿನವಿಡೀ ಅದರ ಕೆಳಗೆ ಕುಳಿತು ದುಡಿಯುವವರಿಗೆ ಅದರ ಅರ್ಥ ಬೇಗ ಹೊಳೆಯುತ್ತದೆ.

ಪತ್ರಕರ್ತ ಮೈಕೆಲ್ ವೆಂಚುರಾ ಜೊತೆಗಿನ ಸಂಭಾಷಣೆ, ಪತ್ರಗಳ ಪುಸ್ತಕ 1992ರಲ್ಲಿ ಬಂತು. ನೂರು ವರ್ಷ ಮನೋಚಿಕಿತ್ಸೆ ನಡೆದರೂ ಲೋಕ ಕೆಡುತ್ತಲೇ ಇದೆ ಎಂಬ ಆಪಾದನೆಯೇ ಅದರ ಶೀರ್ಷಿಕೆ. ಸಂಚಾರದ ಗದ್ದಲದಲ್ಲಿ ಸಿಕ್ಕಿ ಸಿಟ್ಟಿನಿಂದ ಬಂದವನನ್ನು ಚಿಕಿತ್ಸಕ ಅವನ ತಂದೆಯ ಬಗ್ಗೆ ಕೇಳುತ್ತಾನೆ, ಬಾಲ್ಯದ ಬಗ್ಗೆ ಕೇಳುತ್ತಾನೆ. ರಸ್ತೆಯ ಬಗ್ಗೆ ಕೇಳುವುದೇ ಇಲ್ಲ. ಹೊರಗಿನ ಅನ್ಯಾಯಕ್ಕೆ ಹುಟ್ಟಿದ ಸಿಟ್ಟು ಹೀಗೆ ಒಳಗಿನ ಸಮಸ್ಯೆಯಾಗಿ ತಣ್ಣಗಾಗುತ್ತದೆ, ನಾಗರಿಕ ರೋಗಿಯಾಗುತ್ತಾನೆ, ರಸ್ತೆ ಹಾಗೆಯೇ ಉಳಿಯುತ್ತದೆ. ಹಿಲ್‌ಮನ್‌ರ ಟೀಕೆಗಳಲ್ಲಿ ಅತ್ಯಂತ ಬಲವಾದದ್ದು ಇದು. ಸ್ವತಃ ಅವರೂ ಖಾಸಗಿಯಾಗಿ ಚಿಕಿತ್ಸೆ ಕೊಡುವುದನ್ನು ಕೈಬಿಟ್ಟರು.

ಜನಸಾಮಾನ್ಯರಿಗೆ ಅವರ ಹೆಸರು ತಲುಪಿದ್ದು 1996ರ ‘ದ ಸೋಲ್ಸ್ ಕೋಡ್’ ಮೂಲಕ. ಓಕ್ ಮರದ ಬೀಜದಲ್ಲಿ ಮರದ ರೂಪ ಅಡಗಿರುವಂತೆ ಪ್ರತಿ ಮಗುವಿನಲ್ಲೂ ಅದರದೇ ಒಂದು ಕರೆ ಇರುತ್ತದೆ ಎಂಬುದು ಅದರ ಸಾರ. ಪ್ಲೇಟೊನ ‘ರಿಪಬ್ಲಿಕ್’ ಕೊನೆಯಲ್ಲಿ ಬರುವ ಏರ್ ಎಂಬಾತನ ಕಥೆ ಇದಕ್ಕೆ ಆಧಾರ. ಹುಟ್ಟುವ ಮುನ್ನ ಪ್ರತಿ ಜೀವವೂ ತನ್ನ ಬಾಳನ್ನು ಆರಿಸಿಕೊಳ್ಳುತ್ತದೆ, ಕಾವಲಿಗೆ ಒಂದು ದೈವ ಜೊತೆಬರುತ್ತದೆ, ಭೂಮಿಗೆ ಬರುವಾಗ ಎಲ್ಲವೂ ಮರೆತುಹೋಗುತ್ತದೆ. ಸ್ಪೇನಿನ ಮಹಾ ಗೂಳಿಕಾಳಗದ ವೀರ ಮನೋಲೆಟೆ ಚಿಕ್ಕಂದಿನಲ್ಲಿ ತಾಯಿಯ ಸೆರಗು ಬಿಡದ ಪುಕ್ಕಲ. ಆ ಅಂಜಿಕೆಯನ್ನು ಮುಚ್ಚಿಕೊಳ್ಳಲೆಂದೇ ಅವನು ಕಣಕ್ಕಿಳಿದ ಎನ್ನುವುದು ರೂಢಿಯ ವಿವರಣೆ. ಹಿಲ್‌ಮನ್ ಅದನ್ನು ತಿರುವಿ ಓದುತ್ತಾರೆ: ಮುಂದೆ ಎದುರಿಸಬೇಕಾದ ಗೂಳಿಗಳು ಆ ಮಗುವಿಗೆ ಆಗಲೇ ಗೊತ್ತಿದ್ದವು, ಅಂಥ ವಿಧಿಯೆದುರು ಮಗು ಹೆದರದೆ ಇದ್ದೀತೆ? ನಾಲ್ಕು ವರ್ಷದ ಯೆಹುದಿ ಮೆನುಹಿನ್ ಪಿಟೀಲು ಕೇಳಿದಾಗ ಆಟಿಕೆಯ ತಗಡಿನ ಪಿಟೀಲು ಕೊಟ್ಟರಂತೆ. ಮಗು ಅದನ್ನು ನೆಲಕ್ಕೆಸೆದು ಅತ್ತಿತು. ಕೈ ಪುಟ್ಟದು, ಕರೆ ದೊಡ್ಡದು. ಮಕ್ಕಳ ಹಟವನ್ನು ಹೀಗೆ ನೋಡಲು ಕಲಿಸಿದ್ದು ಈ ಪುಸ್ತಕದ ದೊಡ್ಡ ಕೊಡುಗೆ. ತಂದೆತಾಯಿಯರು ಮಾಡಿದ ತಪ್ಪೇ ಇಡೀ ಬಾಳಿನ ಕಾರಣ ಎಂಬ ಸಿದ್ಧ ತೀರ್ಪಿನಿಂದಲೂ ಅದು ಓದುಗರನ್ನು ಬಿಡಿಸಿತು. ಮನುಷ್ಯ ಬೇರುಗಳನ್ನು ಮೇಲಿಟ್ಟ ಮರದಂತೆ ಕೆಳಮುಖವಾಗಿ ಲೋಕಕ್ಕೆ ಬೆಳೆಯುತ್ತಾನೆ ಎಂದೂ ಅವರು ಅಲ್ಲಿ ಬರೆದರು. ಗೀತೆಯ ಊರ್ಧ್ವಮೂಲ ಅಶ್ವತ್ಥವನ್ನು ಬಲ್ಲವರಿಗೆ ಈ ಚಿತ್ರ ಸಲೀಸಾಗಿ ಒಗ್ಗುತ್ತದೆ.

ಆಕ್ಷೇಪಗಳೂ ಗಟ್ಟಿಯಾಗಿಯೇ ಇವೆ. ಬೀಜದ ಸಿದ್ಧಾಂತವನ್ನು ಪರೀಕ್ಷಿಸುವ ದಾರಿಯಿಲ್ಲ. ಉದಾಹರಣೆಗಳು ಬಹುಪಾಲು ಪ್ರಸಿದ್ಧರವು, ಅವರ ಬಾಳನ್ನು ಹಿಂದಿನಿಂದ ಓದಿದರೆ ಕರೆ ಕಂಡೇ ಕಾಣುತ್ತದೆ. ಬಡತನ ಮತ್ತು ಅವಕಾಶಗಳ ಲೆಕ್ಕವನ್ನು ಅವರು ಸಾಕಷ್ಟು ಮಾಡಲಿಲ್ಲ. ಸಾಧಾರಣ ಬಾಳಿಗೂ ಅದರದೇ ಘನತೆಯಿದೆ ಎಂದು ಒಂದು ಅಧ್ಯಾಯ ಬರೆದರೂ ಈ ಕೊರತೆ ತುಂಬುವುದಿಲ್ಲ. ವಿಜ್ಞಾನವಾಗಿ ಅಳೆದರೆ ಅವರ ಬರಹ ಸೋಲುತ್ತದೆ. ಮನುಷ್ಯರನ್ನು ಉದಾರವಾಗಿ ನೋಡುವ ಕಲೆಯಾಗಿ ಅದಕ್ಕೆ ಸಮನಾದದ್ದು ಆ ಕಾಲದ ಮನೋವಿಜ್ಞಾನದಲ್ಲಿ ವಿರಳ.

ಮುಪ್ಪಿನ ಬಗ್ಗೆ 1999ರಲ್ಲಿ, ಯುದ್ಧದ ಬಗ್ಗೆ 2004ರಲ್ಲಿ ಅವರ ಪುಸ್ತಕಗಳು ಬಂದವು. 2011ರ ಅಕ್ಟೋಬರ್ 27ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ಕನೆಕ್ಟಿಕಟ್ ರಾಜ್ಯದ ಥಾಂಪ್ಸನ್‌ನಲ್ಲಿ ಅವರು ತೀರಿಕೊಂಡರು. ಯೂಂಗರ ‘ರೆಡ್ ಬುಕ್’ ಕುರಿತು ಮನೋವಿಜ್ಞಾನದ ಇತಿಹಾಸಕಾರ ಸೋನು ಶಾಮದಾಸಾನಿ ಜೊತೆ ನಡೆಸಿದ ಸಂವಾದ 2013ರಲ್ಲಿ ಪ್ರಕಟವಾಯಿತು. ಹಿಲ್‌ಮನ್‌ರನ್ನು ಹೊಸದಾಗಿ ಓದುವವರಿಗೆ ‘ದ ಸೋಲ್ಸ್ ಕೋಡ್’ ಸುಲಭದ ಪ್ರವೇಶ. ಅವರ ಪೂರ್ಣ ಶಕ್ತಿ ಕಾಣಬೇಕಾದರೆ ‘ರಿ-ವಿಷನಿಂಗ್ ಸೈಕಾಲಜಿ’ಯನ್ನು ನಿಧಾನವಾಗಿ ಓದಬೇಕು.